ಸಾರು ಹೆಂಗಸಿನ ಪಾಲು

ಹೊತ್ತು ಮುಳುಗುವಾಗ ಪುಟ್ಟ ಲಾಮಿಸಿ ಅಂಗಳದ ಮಡಕೆಗೆ ಎಡವಿ ಬಿದ್ದಳು. ಅವಳಿಗೆ ಹಗಲೆಲ್ಲ ಚೆನ್ನಾಗಿ ಕಾಣುತ್ತಿತ್ತು. ಕತ್ತಲು ಕವಿಯಿತೆಂದರೆ ಗೋಡೆ ತಡವಿ ನಡೆಯುತ್ತಿದ್ದಳು. ಮರುದಿನ ತಾಯಿ ಅತಿಪೋಕಾ ಅವಳನ್ನು ಆಸ್ಪತ್ರೆಗೆ ಕರೆದೊಯ್ದಳು.

"ಇರುಳುಗಣ್ಣು" ಅಂದಳು ನರ್ಸಮ್ಮ. "ಹೊಟ್ಟಿಗೆ ಏನ್ ಹಾಕ್ತಿ?"

"ಸಜ್ಜಿ ಮುದ್ದಿ, ಒಣ ಪುಂಡಿಸೊಪ್ಪಿನ ಸಾರು."

"ಮತ್ತ?"

"ಅದನ್ನ."

ನರ್ಸಮ್ಮ ಮಗುವಿನ ಬಾಯಿಗೆ ಔಷಧದ ಹನಿ ಹಿಂಡಿದಳು. "ಇದು ಈಗಿನ ಮಟ್ಟಿಗೆ. ತತ್ತಿ, ಹಸಿ ಸೊಪ್ಪು, ಕೆಂಪು ಗೆಣಸು ತಿನ್ನಸು. ಇಲ್ಲಾಂದ್ರ ತಿರುಗಿ ಬರ್ತದ."

ಆ ಮನೆಯಲ್ಲಿ ಧಾನ್ಯ ಗಂಡಸಿನದು, ಸಾರು ಹೆಂಗಸಿನದು. ಕಣಜದ ಬಾಯೊಳಗೆ ಇಣುಕುವ ಹಕ್ಕು ಅತಿಪೋಕಾಳ ಭಾವ, ಗಂಡನ ಅಣ್ಣ ಅಕೋಲ್ಬಿರೆಯೊಬ್ಬನದು. ಅವನು ಏಣಿ ಹತ್ತಿ ಅಳೆದು ಕೊಟ್ಟ ಸಜ್ಜೆಗೆ ಎಂದೂ ಕೊರತೆ ಬಿದ್ದಿರಲಿಲ್ಲ. ಸಾರಿಗೆ ಏನು ಹಾಕಬೇಕೆಂಬುದು ಸೊಸೆಯಂದಿರ ತಲೆನೋವು. ಅತಿಪೋಕಾಳ ಗಂಡ ದಕ್ಷಿಣದ ಕೋಕೋ ತೋಟಗಳ ಕಡೆ ಹೋದವನು ಫೋನು ಎತ್ತುವುದನ್ನೂ ಬಿಟ್ಟಿದ್ದ.

ಅವಳು ಭಾವನ ಮುಂದೆ ಮೊಣಕಾಲೂರಿ ಕೂತಳು. "ಭಾವಾರ, ಬಾವಿ ಹತ್ರ ಒಂದು ಮಡಿ ಕೊಡ್ರಿ. ಗೆಣಸಿನ ಬಳ್ಳಿ ಹಚ್ತೀನಿ."

"ಅಲ್ಲಿ ಈರುಳ್ಳಿ ಐತಿ. ಅದು ಮಾರಿದ್ರನ ಕಣಜ ತುಂಬತದ. ಇವತ್ತು ನಿನಗ ಕೊಟ್ರ ನಾಳೆ ಎಲ್ಲಾರೂ ಕೇಳ್ತಾರ."

"ಹಂಗಾರ ಕೂಸಿಗೆ ತತ್ತಿನರ?"

"ತತ್ತಿ ತಿಂದ ಕೂಸು ಕಳ್ಳ ಆಗ್ತದ. ಕೋಳಿ ಹಿರೇರ ಪೂಜಿಗೆ ಬೇಕು."

ಅವನು ಕೆಟ್ಟವನಲ್ಲ. ಲಾಮಿಸಿಗೆ ಜ್ವರ ಬಂದಾಗ ಸೈಕಲ್ಲಿನ ಮೇಲೆ ಹೊತ್ತು ಓಡಿದವನು ಅವನೇ. ಅದಕ್ಕೇ ಅವಳಿಗೆ ಬೈಯಲೂ ಬಾಯಿ ಬರಲಿಲ್ಲ.

"ತವರಿಗರ ಕರ್ಕೊಂಡು ಹೋಗ್ಲಿ? ನಮ್ಮವ್ವ ಹಿತ್ತಲದಾಗ ಎಲ್ಲಾ ಬೆಳಿತಾಳ."

"ನೀ ಹೋಗವಾ, ನಿನಗ್ಯಾರೂ ಹಗ್ಗ ಹಾಕಿಲ್ಲ. ಲಾಮಿಸಿ ಮಾತ್ರ ಈ ಮನಿ ಕೂಸು."

ಶೇಂಗಾ ಸುಲಿಯುತ್ತಿದ್ದ ಅತ್ತೆ ತಲೆ ಎತ್ತದೆ ಅಂದಳು, "ನಾನೂ ಒಮ್ಮೆ ತವರಿಗೆ ಹೋಗಾಕ ಗಂಟು ಕಟ್ಟಿದ್ದೆ. ನಿನ್ನ ಗಂಡ ಆಗ ಹಾಲು ಕುಡಿಯೋ ಕೂಸು. ಒಳಗ ಅಳಾಕತ್ತಿದ. ಬಿಚ್ಚಿಟ್ಟೆ."

ಸಂತೆಯ ದಿನ ಅತಿಪೋಕಾ ಮಗಳನ್ನು ಬೆನ್ನಿಗೆ ಕಟ್ಟಿಕೊಂಡು ರಸ್ತೆಗೆ ಹೋದಳು. ಮೂರುಗಾಲಿ ಗಾಡಿಯವನು ಇಬ್ಬರನ್ನೂ ನೋಡಿದ.

"ಅಕ್ಕಾ, ಕೂಸಿನ ದೊಡ್ಡಪ್ಪಗ ಗೊತ್ತೈತೇನು?"

ಅವಳು ಬೆನ್ನಿಗೆ ಕಟ್ಟಿದ ಬಟ್ಟೆಯ ಗಂಟು ಬಿಗಿದಳು.

"ನಾಳೆ ನಾ ಇದ ಊರಾಗ ಗಾಡಿ ಹೊಡೀಬೇಕಲ್ಲ" ಎಂದು ಅವನು ಬೇರೆಯವರನ್ನು ಹತ್ತಿಸಿಕೊಂಡು ಹೊರಟ. ಅವಳು ಧೂಳು ಅಡಗುವವರೆಗೆ ನಿಂತಿದ್ದು ಮನೆಗೆ ಮರಳಿದಳು. ಎಲ್ಲಿಗೆ ಹೋಗಿದ್ದೆ ಎಂದು ಯಾರೂ ಕೇಳಲಿಲ್ಲ. ಕೇಳದೆ ಇದ್ದದ್ದೇ ಅವಳನ್ನು ಹೆಚ್ಚು ಹಿಂಡಿತು.

ಅಂದು ಅವಳು ಹಾಡುಹಗಲೇ ಕೋಳಿಗೂಡಿಗೆ ಕೈಹಾಕಿ ಇದ್ದ ತತ್ತಿಯನ್ನೆಲ್ಲ ತೆಗೆದು, ಒಡೆದು, ಕುದಿಯುವ ಸಾರಿಗೆ ಸುರಿದಳು. ಮನೆಯ ಮಕ್ಕಳೆಲ್ಲ, ಭಾವನ ಮಕ್ಕಳೂ ಸೇರಿ, ಬೆರಳು ನೆಕ್ಕುತ್ತ ಉಂಡರು. ಅಕೋಲ್ಬಿರೆ ಒಲೆಯ ಪಕ್ಕದ ಸಿಪ್ಪೆಗಳನ್ನು ಕಂಡ.

"ಮಕ್ಕಳು ಕದ್ದಿಲ್ಲ ಭಾವಾರ. ನಾ ಕದ್ದೀನಿ."

ಅವನು ಜಗಳ ತೆಗೆಯಲಿಲ್ಲ. ಬೆಳಗಾಗುತ್ತಲೇ ಕೋಳಿಗಳ ಕಾಲು ಕಟ್ಟಿ ಸೈಕಲ್ಲಿಗೆ ತಲೆಕೆಳಗಾಗಿ ನೇತುಹಾಕಿ ತಮ್ಮನೊಬ್ಬನ ಮನೆಗೆ ಸಾಗಿಸಿದ.

ಔಷಧದ ಹನಿ ಕೆಲಸ ಮಾಡಿತ್ತು. ಕೆಲವೇ ದಿನಗಳಲ್ಲಿ ಲಾಮಿಸಿ ಮುಸ್ಸಂಜೆಯಲ್ಲಿ ಜೊತೆಯವರನ್ನು ಅಟ್ಟಿಸಿಕೊಂಡು ಓಡತೊಡಗಿದಳು. "ನೋಡಿದ್ಯಾ, ಹುಡುಗಿ ನೆಟ್ಟಗಾತು" ಎಂದ ಭಾವ, ನಿಜವಾಗಿ ಸಂತೋಷಪಟ್ಟು. ತಿರುಗಿ ಬರ್ತದ ಎಂಬ ನರ್ಸಮ್ಮನ ಮಾತು ಕಿವಿಯಲ್ಲಿದ್ದರೂ ಹೂಂ ಅನ್ನದೆ ಅತಿಪೋಕಾಳಿಗೆ ಬೇರೆ ದಾರಿಯಿರಲಿಲ್ಲ. ಆಕಾಶದಲ್ಲಿ ಮೋಡದ ಸುಳಿವಿಲ್ಲ. ಮಳೆ ಬೀಳದೆ ಹಸಿ ಸೊಪ್ಪು ಚಿಗುರುವುದಿಲ್ಲ. ಅವಳು ಅಟ್ಟದಿಂದ ಒಣ ಪುಂಡಿಯನ್ನು ಇಳಿಸಿ ಒರಳಿಗೆ ಹಾಕಿ ಕುಟ್ಟತೊಡಗಿದಳು.