ಮೂವತ್ತೊಂದು ಸಲ ಬಿದ್ದವನು

ಭವ್ಯಶ್ರೀಯ ಗೇಮನ್ನು ಹೊಗಳದವರು ಕೋಣಂದೂರಿನಲ್ಲಿ ಯಾರೂ ಇರಲಿಲ್ಲ. ಆಡಿದವರೂ ಇರಲಿಲ್ಲ, ಅದು ಬೇರೆ ಮಾತು.

ತೀರ್ಥಹಳ್ಳಿಯ ಒಂದು ಫ್ಲೆಕ್ಸ್ ಅಂಗಡಿಯಲ್ಲಿ ಅವಳಿಗೆ ಕೆಲಸ. ಪುಢಾರಿಗಳ ಹುಟ್ಟುಹಬ್ಬ, ಅಂಗಡಿಗಳ ಉದ್ಘಾಟನೆ, ಸತ್ತವರ ವೈಕುಂಠ ಸಮಾರಾಧನೆ, ಎಲ್ಲಕ್ಕೂ ಅದೇ ಕೆಂಪು, ಅದೇ ಹಳದಿ. ನಗುಮುಖಗಳನ್ನು ಕತ್ತರಿಸಿ ಅಂಟಿಸಿ ಅಂಟಿಸಿ ಇಪ್ಪತ್ತೆಂಟು ವರ್ಷಕ್ಕೇ ಅವಳಿಗೆ ಮನುಷ್ಯರ ಹಲ್ಲು ಕಂಡರೆ ವಾಕರಿಕೆ ಬರುವಂತಾಗಿತ್ತು. ಅದರ ಸೇಡಿಗೋ ಎಂಬಂತೆ ಭಾನುವಾರಗಳಲ್ಲಿ ಕೂತು ಒಂದು ಗೇಮ್ ಮಾಡಿದಳು. ಅಂಗೈಯಗಲದ, ಎರಡು ಹೆಬ್ಬೆರಳಲ್ಲಿ ಆಡುವ ವಿಡಿಯೊ ಗೇಮ್ ಮೆಷಿನ್ ಬರುತ್ತದಲ್ಲ, ಅದರಲ್ಲಿ ಆಡುವಂಥದ್ದು. ಹೆಸರು 'ಸಂಕ', ಅಂದರೆ ಮಲೆನಾಡಿನ ಮರದ ಕಾಲುಸೇತುವೆ. ಪಾಟಿಚೀಲ ಹೊತ್ತ ಹುಡುಗಿಯೊಬ್ಬಳು ಹಳ್ಳಕ್ಕೆ ಅಡ್ಡಲಾಗಿ ಹಾಕಿದ ದಿಮ್ಮಿಯಿಂದ ದಿಮ್ಮಿಗೆ, ಬಂಡೆಯಿಂದ ಬಂಡೆಗೆ ಹಾರುತ್ತ, ಕಚ್ಚಲು ಬರುವ ಏಡಿಗಳಿಂದ ತಪ್ಪಿಸಿಕೊಂಡು ಶಾಲೆ ಮುಟ್ಟಬೇಕು. ಮುಗಿದಿದ್ದು ಮೂರು ಹಳ್ಳ ಮಾತ್ರ. ಆ ಮೂರನ್ನೇ ಡೆಮೊ ಎಂದು 'ಜೀರುಂಡೆ' ಎಂಬ ಗುಪ್ತನಾಮದಲ್ಲಿ ಇಂಟರ್‌ನೆಟ್ಟಿಗೆ ಬಿಟ್ಟಿದ್ದಳು.

ಅಪ್ಪ ಚಂದ್ರಯ್ಯ ಮೆಷಿನ್ನನ್ನು ತಲೆಕೆಳಗಾಗಿ ಹಿಡಿದುಕೊಂಡು "ಭಾರಿ ಚೆನಾಗಿದೆ ಮಗಾ" ಎಂದರು. ಹೆತ್ತವರಿಗೆ ಹೆಗ್ಗಣ ಮುದ್ದು, ಬಿಡಿ. ಚಿಕ್ಕಪ್ಪನ ಮಗಳು ಚೈತ್ರಾ ಅದನ್ನು ಹಿಡಿದು ಸೆಲ್ಫಿ ತೆಗೆದುಕೊಂಡು "ಸೂಪರ್ ಅಕ್ಕಾ" ಎಂದು ವಾಪಸು ಕೊಟ್ಟಳು. ಗೇಮಿನ ಹುಡುಗಿ ಇನ್ನೂ ಮೊದಲ ದಿಮ್ಮಿಯ ಮೇಲೇ ನಿಂತಿದ್ದಳು. ಫ್ಲೆಕ್ಸ್ ಅಂಗಡಿಯ ಮಾಲೀಕ ದುರ್ಗೇಶ್, ಆ ಹಳ್ಳದ ದಡದಲ್ಲಿ ತನ್ನ ಅಂಗಡಿಯ ಬೋರ್ಡು ಹಾಕಲು ಜಾಗವಿದೆಯಾ ಎಂದು ಕೇಳಿದ. ಇಂಥ ಹೊಗಳಿಕೆಯನ್ನು ಒಲೆಗೆ ಹಾಕಿದರೆ ಒಂದು ಲೋಟ ಕಾಫಿಯೂ ಕಾಯುವುದಿಲ್ಲ ಎಂದುಕೊಂಡಳು ಭವ್ಯಶ್ರೀ.

ಉಗಿದವನು ಒಬ್ಬನೇ, ಸಾಗರದ ಪೂರ್ಣೇಶ್. ಬಸ್ ಸ್ಟ್ಯಾಂಡಿನ ಹತ್ತಿರ ಅವನದೊಂದು ಮೊಬೈಲ್ ಅಂಗಡಿ. ಬಿಡುವಾದಾಗ ತಲೆಗೊಂದು ಟೋಪಿ ಹಾಕಿಕೊಂಡು ಯೂಟ್ಯೂಬಿನಲ್ಲಿ ಗೇಮುಗಳ ಜನ್ಮ ಜಾಲಾಡುವುದು ಅವನ ಹವ್ಯಾಸ. 'ಸಂಕ'ದ ಮೇಲೆ ಹನ್ನೆರಡು ನಿಮಿಷದ ವಿಡಿಯೊ ಹಾಕಿದ್ದ.

"ಈ ಹುಡ್ಗಿಗೆ ಬಿಕ್ಕಳಿಕೆ ರೋಗ ಇದ್ಯೇನ್ರೀ? ಬಟನ್ ಒತ್ತಿದ್ರೆ ಅರ್ಧ ಸೆಕೆಂಡ್ ನಿಂತ್ಕಂಡು ಆಮೇಲೆ ಹಾರ್ತಾಳೆ!" ಎಂದು ಶುರುಮಾಡಿದವನು, "ಏಡಿ ಇನ್ನೂ ಒಂದ್ ಮಾರು ದೂರ ಇರುತ್ತೆ, ಇವ್ಳು ಆಗ್ಲೇ ಸತ್ತಿರ್ತಾಳೆ. ಅದು ಏಡಿನಾ, ಯಮನಾ?" ಎಂದು ಕೇಳಿ, ಕೊನೆಗೆ "ಬಣ್ಣ ನೋಡಿದ್ರೆ ಇದನ್ನ ಮಾಡ್ದೋರು ಯಾವ್ದೋ ಪುಢಾರಿ ಹುಟ್ಟುಹಬ್ಬದ ಫ್ಲೆಕ್ಸ್ ಮಾಡೋರೇ ಇರ್ಬೇಕು" ಎಂದುಬಿಟ್ಟಿದ್ದ.

ಮೊದಲ ಸಲ ನೋಡಿದಾಗ ಭವ್ಯಶ್ರೀಗೆ ಮೈಯೆಲ್ಲ ಉರಿದುಹೋಯಿತು. ಎರಡನೇ ಸಲ ಫ್ಲೆಕ್ಸಿನ ಮಾತಿಗೆ ನಗು ಬಂತು. ಮೂರನೇ ಸಲ ಎಣಿಸಿದಳು. ಪೂರ್ಣೇಶ್ ಮೂವತ್ತೊಂದು ಸಲ ಹಳ್ಳಕ್ಕೆ ಬಿದ್ದಿದ್ದ. ಪ್ರತಿ ಸಲವೂ ಕುಣಿಯಲಾರದವಳು ನೆಲ ಡೊಂಕು ಎಂದಂತೆ ಗೇಮನ್ನೇ ಬೈದಿದ್ದ. ಆದರೆ ಬಿದ್ದಲ್ಲೇ ಬಿಟ್ಟು ಎದ್ದು ಹೋಗಿರಲಿಲ್ಲ, ಮೂರನೇ ಹಳ್ಳವನ್ನೂ ದಾಟಿಯೇ ತೀರಿದ್ದ. ಭೂಮಿಯ ಮೇಲೆ ಅವಳ ಗೇಮನ್ನು ಕೊನೆಯವರೆಗೆ ಆಡಿದ ಪ್ರಾಣಿ ಇದೊಂದೇ. ಏಡಿಯ ಮಾತು ನಿಜವಾಗಿತ್ತು, ಸರಿಮಾಡಿದಳು. ಬಣ್ಣದ ಮಾತೂ ನಿಜ, ತಿದ್ದುವುದು ಬಾಕಿ ಇತ್ತು. ಬಿಕ್ಕಳಿಕೆಯನ್ನು ಮಾತ್ರ ಮುಟ್ಟಲಿಲ್ಲ. ಮಳೆಗಾಲದಲ್ಲಿ ಸಂಕ ದಾಟಿ ಶಾಲೆಗೆ ಹೋದವರು ಯಾರೇ ಆಗಲಿ, ಕಾಲಿಡುವ ಮುಂಚೆ ಒಂದು ಗಳಿಗೆ ನಿಂತೇ ನಿಲ್ಲುತ್ತಾರೆ. ಡಾಂಬರು ರಸ್ತೆಯಲ್ಲಿ ಆಟೊ ಹತ್ತಿ ಶಾಲೆಗೆ ಹೋದ ಪೇಟೆಯ ಗಂಡಿಗೆ ಅದೆಲ್ಲಿ ಗೊತ್ತಾಗಬೇಕು!

ಹೀಗಿರುವಾಗ ಅಪ್ಪನ ಅಕ್ಕ ದುಗ್ಗತ್ತೆ ಒಂದು ಸಂಬಂಧ ತಂದರು. ಜಾತಕದ ಜೊತೆಗಿದ್ದ ಫೋಟೊದಲ್ಲಿ ಅದೇ ಮುಖ, ಟೋಪಿ ಇರಲಿಲ್ಲ ಅಷ್ಟೆ. ಎರಡು ವರ್ಷದಿಂದ ಬಂದ ಸಂಬಂಧಗಳನ್ನೆಲ್ಲ ಹೊಸ್ತಿಲಲ್ಲೇ ತಿರುಗಿಸಿ ಕಳಿಸುತ್ತಿದ್ದ ಭವ್ಯಶ್ರೀ ಈ ಸಲ "ಬರ್ಲಿ" ಎಂದಳು. ತಾಯಿ ಹೇಮಾವತಿಗೆ ತಮ್ಮ ಕಿವಿಯನ್ನೇ ನಂಬಲಾಗಲಿಲ್ಲ. ಜೀರುಂಡೆ ಯಾರೆಂಬುದು ಪೂರ್ಣೇಶನಿಗೆ ಗೊತ್ತಿರಲಿಲ್ಲ. ವಿಡಿಯೊದ ಸುದ್ದಿ ಮನೆಯವರಿಗೂ ಗೊತ್ತಿರಲಿಲ್ಲ. ಭವ್ಯಶ್ರೀ ತನ್ನಷ್ಟಕ್ಕೆ ತೀರ್ಮಾನ ಮಾಡಿಕೊಂಡಿದ್ದಳು: ಯೂಟ್ಯೂಬಿನಲ್ಲಿ ಬೈದದ್ದರಲ್ಲಿ ಕಾಲು ಪಾಲನ್ನಾದರೂ ತನ್ನ ಮುಖ ನೋಡಿ ಹೇಳಿದರೆ, ಈ ಗಂಡಿಗೆ ಒಪ್ಪಿಗೆ.

ಭಾನುವಾರ ಗಂಡಿನ ಕಡೆಯವರು ಬಂದರು. ಟೋಪಿ ಹೋಗಿ ಇಸ್ತ್ರಿ ಶರ್ಟು ಬಂದಿತ್ತು. ವಿಡಿಯೊದಲ್ಲಿ ಮೆಣಸಿನಕಾಯಿ ಅರೆಯುತ್ತಿದ್ದ ನಾಲಿಗೆ ಇಲ್ಲಿ ಬೆಣ್ಣೆ ಕಡೆಯುತ್ತಿತ್ತು. ಕೇಸರಿಬಾತಿಗೆ ಸೂಪರ್, ಕಾಫಿಗೆ ಸೂಪರ್, ಗೋಡೆಯ ಕ್ಯಾಲೆಂಡರಿಗೂ ಸೂಪರ್. ಉಪ್ಪಿಟ್ಟು ತಳ ಹತ್ತಿದ ವಾಸನೆ ಬೀದಿಯವರೆಗೆ ಹೊಡೆಯುತ್ತಿತ್ತು, ಅದಕ್ಕೂ ಸೂಪರ್ ಎಂದು ಎರಡನೇ ಸಲ ಹಾಕಿಸಿಕೊಂಡ.

"ನಮ್ಮ ಪೂರ್ಣ ಇವತ್ತಿನವರೆಗೆ ಒಬ್ರ ಮನಸ್ಸು ನೋಯ್ಸಿದೋನಲ್ಲ" ಎಂದರು ಅವನ ತಾಯಿ. ಭವ್ಯಶ್ರೀ ಕೈಯಲ್ಲಿದ್ದ ಲೋಟವನ್ನು ಮೆಲ್ಲಗೆ ಕೆಳಗಿಟ್ಟಳು.

"ಇಬ್ರೂ ಜಗಲಿ ಮೇಲೆ ಕೂತು ಮಾತಾಡ್ಕಳಿ" ಎಂದು ಚಂದ್ರಯ್ಯ ಕಳಿಸಿಕೊಟ್ಟರು.

ಜಗಲಿಯಲ್ಲಿ ಬೇರೆ ಯಾರೂ ಇರಲಿಲ್ಲ. ಭವ್ಯಶ್ರೀ ಪೀಠಿಕೆ ಹಾಕದೆ ಮೆಷಿನ್ನನ್ನು ಅವನ ಕೈಗಿಟ್ಟಳು. "ನಾನೇ ಮಾಡಿದ ಗೇಮ್. ಇನ್ನೂ ಡೆಮೊ. ಆಡಿ, ಹೆಂಗಿದೆ ಹೇಳಿ."

ಪರದೆಯ ಮೇಲೆ ಪಾಟಿಚೀಲದ ಹುಡುಗಿ ಮೂಡಿದಳು. ಪೂರ್ಣೇಶನ ಹೆಬ್ಬೆರಳು ಹಾಗೇ ನಿಂತಿತು. ಅವನ ಕಿವಿ ಮೊದಲು ಕೆಂಪಾಯಿತು, ಆಮೇಲೆ ಕುತ್ತಿಗೆ.

"ಮುಂಚೆ ಎಲ್ಲಾದ್ರೂ ನೋಡಿದ್ರಾ?" ಎಂದು ಕೇಳಿದಳು. ಹೌದು ಎನ್ನು ಮಾರಾಯ, ಒಂದು ಸಲ ಹೌದು ಎನ್ನು, ಎಂದು ಒಳಗೊಳಗೇ ಬೇಡಿಕೊಂಡಳು.

"ಇಲ್ಲಪ್ಪ. ಫಸ್ಟ್ ಟೈಮ್ ನೋಡ್ತಿರೋದು."

ಹಾಗೆಂದು ಆಡತೊಡಗಿದ. ನಾಲಿಗೆಗೆ ಎಲುಬಿಲ್ಲ, ಎತ್ತ ಬೇಕಾದರೂ ಹೊರಳೀತು. ಬೆರಳಿಗೆ ಆ ವಿದ್ಯೆ ಬರುವುದಿಲ್ಲ. ಹೊಸಬರಾದರೆ ಬೀಳಲೇಬೇಕಾದ ಮೂರನೇ ದಿಮ್ಮಿಯ ಹತ್ತಿರ ಅವನ ಬೆರಳು ಆ ಅರ್ಧ ಸೆಕೆಂಡನ್ನು ಲೆಕ್ಕ ಹಿಡಿದು ಮುಂಚಿತವಾಗಿ ಒತ್ತಿತು. ಬಂಡೆಯ ಹಿಂದೆ ಅಡಗಿದ ಏಡಿ ಹೊರಗೆ ಬರುವ ಮೊದಲೇ ಹುಡುಗಿಯನ್ನು ಹಿಂದೆ ಸರಿಸಿತು. ಒಂದೇ ಒಂದು ಸಲವೂ ಬೀಳದೆ ಮೂರು ಹಳ್ಳ ದಾಟಿಸಿ ಮೆಷಿನ್ನನ್ನು ವಾಪಸು ಕೊಟ್ಟ.

"ಸೂಪರ್ ಇದೆ ರೀ. ಒಂದು ಕುಂದೂ ಇಲ್ಲ."

"ಹಾರೋಕ್ ಮುಂಚೆ ಒಂಚೂರು ನಿಲ್ತಾಳಲ್ಲ, ಅದು ತೊಂದ್ರೆ ಅನ್ಸಲ್ವಾ?"

"ಅದೇ ಇದ್ರ ಚೆಂದ!"

"ಬಣ್ಣ? ಒಬ್ರು ಫ್ಲೆಕ್ಸ್ ಇದ್ದಂಗಿದೆ ಅಂದಿದ್ರು."

"ಅಂಥೋರಿಗೆ ಏನ್ ಗೊತ್ತಿರುತ್ತೆ ಬಿಡಿ. ಹೊಟ್ಟೆಕಿಚ್ಚು. ತಮಗೆ ಮಾಡೋಕ್ ಬರಲ್ಲ, ಮಾಡ್ದೋರನ್ನ ಬೈತಾರೆ. ಕೆಲ್ಸಕ್ಕೆ ಬಾರದೋರು."

ತನ್ನನ್ನು ತಾನೇ ಇಷ್ಟು ಅಚ್ಚುಕಟ್ಟಾಗಿ ಬೈದುಕೊಂಡ ಮನುಷ್ಯನನ್ನು ಭವ್ಯಶ್ರೀ ಅದುವರೆಗೆ ಕಂಡಿರಲಿಲ್ಲ. ಫ್ಲೆಕ್ಸಿನಿಂದ ಕತ್ತರಿಸಿ ತಂದಂತಹ ನಗುಮುಖ ಇಟ್ಟುಕೊಂಡು ಅವನು ಉತ್ತರಕ್ಕೆ ಕಾದ. "ಕಾಫಿ ಆರುತ್ತೆ, ಒಳಗೆ ಬನ್ನಿ" ಎಂದಳು.

ಅವರ ಕಾರು ಹೊಸನಗರ ದಾಟುವ ಮೊದಲೇ ಫೋನ್ ಬಂತು. ಗಂಡಿಗೆ ಒಪ್ಪಿಗೆ, ಪೂರಾ ಒಪ್ಪಿಗೆ. ಹೇಮಾವತಿ ದೇವರ ಮುಂದೆ ದೀಪ ಹಚ್ಚಲು ಓಡಿದರು. ಭವ್ಯಶ್ರೀ ಸುಮ್ಮನೆ ಮೊಬೈಲ್ ತೆಗೆದು ಪೂರ್ಣೇಶನ ಚಾನೆಲ್ಲಿಗೆ ಹೋದಳು. ಬೇರೆ ಗೇಮುಗಳ ಬೈಗುಳವೆಲ್ಲ ಸಾಲಾಗಿ ಕೂತಿತ್ತು. 'ಸಂಕ'ದ ವಿಡಿಯೊ ಇರಲಿಲ್ಲ. ಮೇಲೆ ಕೆಳಗೆ ಎರಡು ಸಲ ಹುಡುಕಿದಳು, ಇರಲಿಲ್ಲ. ಬೆಳಿಗ್ಗೆ ಇದ್ದದ್ದನ್ನು ದಾರಿಯಲ್ಲೇ, ಕಾರಿನಲ್ಲೇ ಕೂತು ಅಳಿಸಿಹಾಕಿದ್ದ.

ಆಗ ಅವಳಿಗೆ ಅಳು ಬಂತು. ಬೈದಾಗ ಬಾರದಿದ್ದ ಅಳು. ಅವಳ ಗೇಮಿನ ಬಗ್ಗೆ ಈ ಜಗತ್ತಿನಲ್ಲಿ ಇದ್ದ ಹನ್ನೆರಡು ನಿಮಿಷದ ನಿಜವನ್ನು ಆ ಪುಣ್ಯಾತ್ಮ ಅವಳನ್ನು ಮದುವೆಯಾಗುವುದಕ್ಕಾಗಿ ಒರೆಸಿಬಿಟ್ಟಿದ್ದ. ಆ ವಿಡಿಯೊದಲ್ಲಿದ್ದವನನ್ನು ಅವಳು ನಿಜಕ್ಕೂ ಮದುವೆಯಾಗುತ್ತಿದ್ದಳು.

ಹೇಮಾವತಿ ದೀಪ ಹಚ್ಚಿ ಬಂದರು. "ಎಂತಕ್ಕೆ ಅಳ್ತಿದೀಯೆ? ಸಂತೋಷಕ್ಕಾ?"

"ನಂಗೆ ಬೇಡಮ್ಮಾ ಆ ಗಂಡು."

"ಬೇಡ್ವಾ! ಎಂತ ಕುಂದು ಕಂಡ್ತೆ ಅವ್ನಲ್ಲಿ?"

"ನನ್ನ ಗೇಮಲ್ಲಿ ಒಂದು ಕುಂದೂ ಇಲ್ಲ ಅಂದ್ರು."

"ಅದೊಂದು ತಪ್ಪೇನೆ ಮಾರಾಯ್ತಿ?" ಹೇಮಾವತಿ ತಲೆ ಚಚ್ಚಿಕೊಂಡರು. "ನಿಮ್ಮಪ್ಪನ ಕಟ್ಕಂಡು ಮೂವತ್ತು ವರ್ಷ ಆತು. ಒಂದಿನಾನಾದ್ರೂ ನನ್ನ ಸಾರು ಚೆನಾಗಿದೆ ಅಂದೋರಲ್ಲ. ದಿನಾ ಉಪ್ಪು ಕಮ್ಮಿ, ದಿನಾ ಹುಳಿ ಜಾಸ್ತಿ. ಹೊಗಳೋ ಗಂಡು ಸಿಕ್ಕಿದ್ರೆ ನಿಂಗೆ ಬೇಡ!"

"ಅಪ್ಪ ನಿನ್ನ ಮುಖಕ್ಕೇ ಹೇಳ್ತಾರಲ್ಲಮ್ಮಾ. ಹೇಳಿ ಆಮೇಲೆ ಬಟ್ಟಲು ಖಾಲಿ ಮಾಡ್ತಾರೆ. ನಂಗೆ ಅಂಥೋರು ಬೇಕು."

ಹೇಮಾವತಿ ಒಳಗೆ ಕೂತಿದ್ದ ಗಂಡನ ಬೆನ್ನನ್ನು ನೋಡಿ, ಸೆರಗಿಗೆ ಕೈಯೊರೆಸಿಕೊಂಡು, ಫೋನಿನಲ್ಲಿ ಸಾಗರದವರ ನಂಬರು ಹುಡುಕತೊಡಗಿದರು.