ಎಡಗಾಲಿನ ಉಳುಕು

ದೇವೀರಿಯನ್ನು ನಾನು ಹೆಚ್ಚಾಗಿ ನೋಡಿದ್ದು ಹಿಂದಿನಿಂದ. ಎಣ್ಣೆ ಹಚ್ಚಿ ಬಿಗಿದ ಗಿಡ್ಡ ಜಡೆ, ಬೆವರಿಗೆ ಅಂಟಿಕೊಂಡ ಬನಿಯನ್, ಅದರಡಿ ಏರಿಳಿಯುವ ಎರಡು ಅಗಲವಾದ ಹೆಗಲು. ಎಂಟುನೂರು ಮೀಟರ್ ಓಟವೆಂದರೆ ನಮ್ಮ ಕಾಲೇಜಿನ ಮೈದಾನಕ್ಕೆ ಎರಡು ಸುತ್ತು. ಮೊದಲ ಸುತ್ತಿನಲ್ಲಿ ಆ ಬೆನ್ನು ಕೈಗೆಟಕುವಷ್ಟು ಹತ್ತಿರವಿರುತ್ತಿತ್ತು. ಎರಡನೆಯ ಸುತ್ತಿನ ಕೊನೆಯ ತಿರುವಿನಲ್ಲಿ, ನನ್ನ ಎದೆಯೊಳಗೆ ಕೆಂಡ ಬಿದ್ದಂತಾಗುವ ಹೊತ್ತಿಗೆ ಸರಿಯಾಗಿ, ಅವಳಿಗೆಂದೇ ಯಾರೋ ಒಂದು ಬಾಗಿಲು ತೆರೆದುಕೊಟ್ಟ ಹಾಗೆ ಅದು ಸರಕ್ಕನೆ ದೂರವಾಗುತ್ತಿತ್ತು. ನಾನು ಗೆರೆ ಮುಟ್ಟುವಾಗ ಅವಳು ಹುಲ್ಲಿನ ಮೇಲೆ ಕೂತು ಬೂಟಿನ ದಾರ ಬಿಚ್ಚುತ್ತಿರುತ್ತಿದ್ದಳು.

"ಬಂದೆಯಾ ಪುಕ್ಕಲಿ? ಕಾಫಿ ಆರಿಹೋಯ್ತು ನೋಡು," ಎನ್ನುತ್ತಿದ್ದಳು. ಅಲ್ಲಿ ಕಾಫಿಯೇನೂ ಇರುತ್ತಿರಲಿಲ್ಲ.

ಪುಕ್ಕಲಿ ಎಂಬುದು ಅವಳಿಟ್ಟ ಹೆಸರು. ಯಾರಾದರೂ ಎದುರು ನಿಂತು ಮಾತಾಡಿಸಿದರೆ ನೆಲ ನೋಡುವವಳು ನಾನು. ಓಟಕ್ಕೆ ಸೇರಿದ್ದೂ ಅಲ್ಲಿ ಯಾರೂ ಮಾತಾಡುವುದಿಲ್ಲ ಎಂಬ ಕಾರಣಕ್ಕೇ. ಅವಳು ಸೇರಿದ್ದು ಓಡಲೆಂದೇ. ಬಸ್ ನಿಲ್ದಾಣದ ಹಿಂದೆ ಅವಳ ತಾಯಿ ಸಾಕಮ್ಮನ ಪುರಿಭಟ್ಟಿ ಇತ್ತು. ಬೆಳಗಿನ ಹೊತ್ತು ಭಟ್ಟಿಯ ಮುಂದೆ ಬಿಸಿ ಮರಳು ತಿರುವಿ, ಕಡ್ಲೆಪುರಿ ಮೂಟೆ ಹೊತ್ತು ಅಂಗಡಿಗಳಿಗೆ ಹಾಕಿ, ಆಮೇಲೆ ಮೈದಾನಕ್ಕೆ ಬರುತ್ತಿದ್ದಳು. ಅವಳ ಕೂದಲಿನಿಂದ ಸದಾ ಹುರಿದ ಅಕ್ಕಿಯ ವಾಸನೆ ಬರುತ್ತಿತ್ತು.

ನಮ್ಮಿಬ್ಬರನ್ನೂ ತರಬೇತಿಗೊಳಿಸಿದವರು ಕಾಲೇಜಿನ ಜವರಪ್ಪ ಮೇಷ್ಟ್ರು. ಜಿಲ್ಲೆಯಲ್ಲಿ ದೇವೀರಿ ಮೊದಲು, ನಾನು ಮೂರನೆಯವಳು. ರಾಜ್ಯಮಟ್ಟದಲ್ಲೂ ಅವಳೇ ಮೊದಲು. ನಾನು ಎಲ್ಲೋ ಹಿಂದೆ. ಅಲ್ಲಿ ಬಟ್ಟೆ ಬದಲಿಸುವ ಕೋಣೆಗೆ ಅವಳು ಕಾಲಿಟ್ಟ ಕೂಡಲೇ ಒಬ್ಬಳು ಟವೆಲು ಎದೆಗೆಳೆದುಕೊಂಡು, "ಅಯ್ಯೋ, ಅಣ್ಣ ಬಂದ ಕಣ್ರೇ!" ಎಂದಳು. ಎಲ್ಲರೂ ನಕ್ಕರು.

"ಅಣ್ಣ ಬಂದ್ರೆ ಸುಮ್ನೆ ನಿಂತಿದ್ದೀರಲ್ರೇ, ರಾಖಿ ಕಟ್ಟಿ," ಎಂದು ದೇವೀರಿ ಕೈ ಚಾಚಿದಳು. ಆಗಲೂ ನಕ್ಕರು, ಆದರೆ ಬೇರೆ ಥರ. ಆಮೇಲೆ ಅವಳು ಗೋಡೆಯ ಕಡೆ ತಿರುಗಿ ಬಟ್ಟೆ ಬದಲಿಸಿದಳು.

ಓಟ ಮುಗಿದ ಮೇಲೆ ಬೇರೊಂದು ತಂಡದವರು ತಕರಾರು ತೆಗೆದರು. ಕೂಟದ ಅಧಿಕಾರಿಗಳು ಪರೀಕ್ಷೆಗೆಂದು ಅವಳ ರಕ್ತ ತೆಗೆದುಕೊಂಡರು. ಊರಿಗೆ ಮರಳಿದಾಗ ಬ್ಯಾಂಡು ಬಾರಿಸಿ ಮೆರವಣಿಗೆ ಮಾಡಿದರು. ರಕ್ತದ ಮಾತು ಯಾರಿಗೂ ನೆನಪಿರಲಿಲ್ಲ.

ಕೆಲವು ವಾರಗಳ ನಂತರ ಜವರಪ್ಪ ಮೇಷ್ಟ್ರು ಭಟ್ಟಿಯ ಬಳಿ ಬಂದು, ಬಾಗಿಲು ಮುಂದೆ ಮಾಡಿ, ಪುರಿಮೂಟೆಯ ಮೇಲೆ ಕೂತರು. ದೇವೀರಿಯನ್ನು ಅಭ್ಯಾಸಕ್ಕೆ ಕರೆಯಲು ಹೋಗಿದ್ದ ನಾನು ಹೊರಡಲು ಎದ್ದರೆ, "ಇರು, ನೀನೂ ಕೇಳು," ಎಂದು ಅವಳು ನನ್ನ ದುಪಟ್ಟಾ ಹಿಡಿದೆಳೆದಳು.

"ತಪ್ಪು ಯಾರದೂ ಅಲ್ಲ ಸಾಕಮ್ಮ," ಎಂದರು ಮೇಷ್ಟ್ರು. "ನಿಮ್ಮ ಹುಡುಗಿ ಯಾವ ಔಷಧೀನೂ ತಗೊಂಡಿಲ್ಲ, ಅದನ್ನ ಅವರೂ ಒಪ್ಪಿದ್ದಾರೆ. ಗಂಡಸರ ಮೈಯಲ್ಲಿ ಜಾಸ್ತಿ ಇರುತ್ತಲ್ಲ ಒಂದು ಹಾರ್ಮೋನು, ಅದು ಇವಳಿಗೆ ಹುಟ್ಟಿನಿಂದಲೇ ಮಿಕ್ಕ ಹುಡುಗಿಯರಿಗಿಂತ ತುಂಬಾ ಹೆಚ್ಚು. ಅದರಿಂದ ಬಲ ಬರುತ್ತೆ, ಪಕ್ಕದಲ್ಲಿ ಓಡೋರಿಗೆ ಅನ್ಯಾಯ ಅಂತಾರೆ. ಮಾತ್ರೆ ತಗೊಂಡು ಇಳಿಸಿಕೊಂಡ್ರೆ ಮತ್ತೆ ಓಡಬಹುದು. ಅಲ್ಲೀತನಕ ಆಗಲ್ಲ."

"ನನ್ನ ಮಗಳು ಹೆಣ್ಣಲ್ವಾ ಮೇಷ್ಟ್ರೇ?"

"ಛೆ ಛೆ, ಹೆಣ್ಣೇ. ಅದನ್ನ ಯಾರು ಇಲ್ಲ ಅಂದ್ರು?"

"ಮತ್ತೆ ಹೆಂಗಸರ ಓಟದಲ್ಲಿ ಯಾಕೆ ಓಡಬಾರ್ದು?"

ಬಾಣಲೆಯ ಮರಳಿನಲ್ಲಿ ಉಳಿದಿದ್ದ ಒಂದೆರಡು ಕಾಳು ಚಟ್ ಎಂದು ಸಿಡಿದವು. ಸಾಕಮ್ಮ ಸೆರಗಿನಿಂದ ಕತ್ತು ಒರೆಸಿಕೊಂಡು, ಊರನ್ನು ಬಲ್ಲ ಹೆಂಗಸಿನ ಮಾತಾಡಿದಳು.

"ಊರಿಗೆ ಕಾಲು ಉಳುಕಿದೆ ಅನ್ನೋಣ. ಕುಂಟೋ ಹುಡುಗಿಗಾದ್ರೂ ಎಲ್ಲೋ ಒಂದು ಕಡೆ ಗಂಡು ಸಿಗ್ತಾನೆ. ಈ ಮಾತು ಬಾಗಿಲು ದಾಟಿದ್ರೆ ಸಿಗಲ್ಲ."

ಮುಷ್ಟಿ ತುಂಬ ಪುರಿ ಹಿಡಿದುಕೊಂಡಿದ್ದ ದೇವೀರಿ ಅದನ್ನು ಬಾಯಿಗೆ ಹಾಕಿಕೊಳ್ಳದೆ ಕೇಳಿದಳು: "ಯಾವ ಕಾಲಮ್ಮ?"

ಸಾಕಮ್ಮ ಭಟ್ಟಿಗೆ ಸೌದೆ ತಳ್ಳಿದಳು.

"ಎಡಗಾಲೇ ಇರಲಿ ಬಿಡು. ಅದೇ ಸ್ವಲ್ಪ ಸೋಮಾರಿ," ಎಂದು ದೇವೀರಿಯೇ ಹೇಳಿದಳು. ಮೇಷ್ಟ್ರು ಮುಖ ಅತ್ತ ತಿರುಗಿಸಿಕೊಂಡರು.

ದೊಡ್ಡಾಸ್ಪತ್ರೆಗೆ ಅವಳೊಡನೆ ಹೋದದ್ದು ನಾನು. ಸಾಕಮ್ಮ ಬಂದರೆ ಊರಿಗೆ ಅನುಮಾನ ಬರುತ್ತದೆ, ಗೆಳತಿ ಹೋದರೆ ಬರುವುದಿಲ್ಲ ಎಂಬುದು ಲೆಕ್ಕಾಚಾರ. ಊರು ಕಣ್ಮರೆಯಾಗುವ ತನಕ ಬಸ್ಸಿನಲ್ಲೂ ಅವಳು ಎಡಗಾಲು ನೀಡಿಕೊಂಡೇ ಕೂತಿದ್ದಳು. ಆಮೇಲೆ ಮಡಚಿ, ನನ್ನತ್ತ ತಿರುಗಿದಳು.

"ಒಂದು ಕೇಳ್ತೀನಿ, ಹೇಳ್ತೀಯಾ? ನಾನು ಇಷ್ಟು ದಿನ ಓಡಿದ್ದು ಮೋಸಾನಾ?"

ನಾನು ಕಿಟಕಿಯ ಕಡೆ ನೋಡಿದೆ.

"ಆ ಕಡೆ ತಿರುಗಬೇಡ ಕಣೇ. ಅಮ್ಮ ಅಲ್ಲ ಅಂತಾಳೆ, ಅವಳು ಅಮ್ಮ. ಮೇಷ್ಟ್ರು ಅಲ್ಲ ಅಂತಾರೆ, ಅವರಿಗೆ ಪದಕ ಬೇಕು. ನನ್ನ ಹಿಂದೆ ಓಡಿದವಳು ನೀನು. ನಿನ್ನ ಬಾಯಿಂದ ಮಾತು ಬರೋದೇ ಅಪರೂಪ, ಬಂದದ್ದು ಸುಳ್ಳಾಗಿರಲ್ಲ. ನೀನೇ ಹೇಳು. ನೀನು ಹೇಳಿದ ಹಾಗೆ ಮಾಡ್ತೀನಿ."

ನಾನು ಆ ತಿರುವನ್ನು ನೆನೆದೆ. ಅವಳೆದ್ದ ಹೊತ್ತಿಗೇ ನಾನೂ ಎದ್ದಿದ್ದೆ, ಅವಳು ಸುತ್ತಿದಷ್ಟೇ ಸುತ್ತು ಸುತ್ತಿದ್ದೆ. ಆದರೂ ಆ ಬಾಗಿಲು ಅವಳೊಬ್ಬಳಿಗೇ ತೆರೆಯುತ್ತಿತ್ತು. ಉದ್ದಕಾಲಿನ ಹುಡುಗಿಗೆ ಕಾಲು ಕುಗ್ಗಿಸಿಕೊಂಡು ಬಾ ಎಂದು ಯಾರೂ ಹೇಳುವುದಿಲ್ಲ, ನಿಜ. ಹೆಂಗಸರಿಗೆಂದು ಬೇರೆ ಗೆರೆ ಎಳೆಯದೇ ಹೋಗಿದ್ದರೆ ನಾನು ಯಾವ ಮೈದಾನದಲ್ಲೂ ಇರುತ್ತಿರಲಿಲ್ಲ ಎಂಬುದೂ ನಿಜ. ಈ ಎರಡು ನಿಜಗಳನ್ನು ಒಂದೇ ಬೊಗಸೆಯಲ್ಲಿ ಹಿಡಿಯಲು ನನಗೆ ಆಗಲಿಲ್ಲ. ಈಗಲೂ ಆಗುವುದಿಲ್ಲ.

"ಮೋಸ ಅಲ್ಲ," ಎಂದೆ. "ಆದ್ರೆ ಸಮಾನವೂ ಅಲ್ಲ ದೇವೀರಿ."

ಅವಳು ಕೋಪಿಸಿಕೊಳ್ಳಲಿಲ್ಲ. ಟಿಕೆಟನ್ನು ಸಣ್ಣದಾಗಿ ಮಡಚಿ ಬೆರಳಿಗೆ ಉಂಗುರದಂತೆ ಸುತ್ತಿಕೊಂಡಳು. "ಹಾಗಿದ್ರೆ ಸಮಾನ ಆಗಿ ನೋಡೋಣ ಬಿಡು," ಎಂದಳು. ಆಸ್ಪತ್ರೆಯ ವೈದ್ಯೆ ಮೆಲುಮಾತಿನವರು. "ನಿನಗೆ ಕಾಯಿಲೆ ಏನೂ ಇಲ್ಲಮ್ಮ. ಓಡಬೇಕು ಅಂತಿದ್ರೆ ಮಾತ್ರ ಇದು," ಎಂದು ಎರಡೆರಡು ಸಲ ಹೇಳಿ ಮಾತ್ರೆ ಬರೆದುಕೊಟ್ಟರು. ಆ 'ಮಾತ್ರೆ ಬೇಕಾಗಿಲ್ಲದ' ಮೈಗೆ ಅಂದು ರಾತ್ರಿಯಿಂದಲೇ ಮಾತ್ರೆ ಶುರುವಾಯಿತು.

ಊರಿನಲ್ಲಿ ಕುಂಟು ಶುರುವಾಯಿತು; ಎಡಹಿಮ್ಮಡಿ ನೆಲಕ್ಕೆ ಊರದೆ ಅವಳು ಬೆರಳ ಮೇಲೆ ನಡೆದಳು. ನಾವ್ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದೇ ಇದ್ದದ್ದು ಊರಿನ ಒಳ್ಳೆಯತನವನ್ನು. ದರ್ಜಿ ಒಂದು ಊರುಗೋಲು ತಂದುಕೊಟ್ಟ. ಎದುರುಮನೆಯಾಕೆ ಬೇವಿನೆಣ್ಣೆ ಕಾಯಿಸಿ ತಂದಳು. ಮೂಳೆ ಕಟ್ಟುವ ಬುಡೇನ್ ಸಾಬರಂತೂ ಕರೆಯದೆಯೇ ಬಂದು, ಅವಳ ಹಿಮ್ಮಡಿಯನ್ನು ತೊಡೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚಿದರು.

"ಇಲ್ಲಿ ನೋವಾ ಮಗಳೇ?"

"ಅಲ್ಲಲ್ಲ."

"ಇಲ್ಲಿ?"

"ಅಯ್ಯಯ್ಯಮ್ಮಾ!" ಎಂದು ಚೀರಿ ಅವಳು ನನಗೆ ಕಣ್ಣು ಹೊಡೆದಳು.

"ಸಿಕ್ಕಿತು!" ಎಂದರು ಸಾಬರು, ಕಳ್ಳನನ್ನು ಹಿಡಿದ ಸಂಭ್ರಮದಲ್ಲಿ. "ನರ ಪಕ್ಕಕ್ಕೆ ಸರಿದಿದೆ. ಬೇರೆಯವರ ಕೈಗೆ ಸಿಗೋದಲ್ಲ ಇದು." ಮೊಟ್ಟೆಯ ಬಿಳಿ, ಸೊಪ್ಪು, ಬಿದಿರಿನ ದಬ್ಬೆ ಇಟ್ಟು ಅವರು ಕಟ್ಟಿದ ಕಟ್ಟು ಎಷ್ಟು ಬಿಗಿಯಾಗಿತ್ತೆಂದರೆ ಅವಳು ನಿಜಕ್ಕೂ ಕುಂಟಿದಳು. ಮೊದಲ ದಿನಗಳಲ್ಲಿ ನಾವಿಬ್ಬರೂ ಇದನ್ನೆಲ್ಲ ನೆನೆದು ಹೊಟ್ಟೆ ಹಿಡಿದು ನಗುತ್ತಿದ್ದೆವು. ಬರಬರುತ್ತ ನಗು ನಿಂತಿತು. ಸಂತೆಯಲ್ಲಿ ಮುದುಕಿಯರು ದಾರಿ ಬಿಟ್ಟುಕೊಡುತ್ತಿದ್ದರು. ಶಾಲೆಯ ಮಕ್ಕಳು ಅವಳನ್ನು ಕಂಡ ಕೂಡಲೇ ಓಡುವುದನ್ನು ನಿಲ್ಲಿಸಿ, ಅವಳು ಹೋಗುವ ತನಕ ನಡೆಯುತ್ತಿದ್ದರು. ಹಾಗೆ ಮಾಡೆಂದು ಅವರಿಗೆ ಯಾರೋ ಹೇಳಿಕೊಟ್ಟಿರಬೇಕು.

ಮಾತ್ರೆ ಅವಳಿಗೆ ಒಗ್ಗಲಿಲ್ಲ. ಪುರಿಯ ವಾಸನೆಗೇ ಹೊಟ್ಟೆ ತೊಳೆಸುತ್ತಿತ್ತು, ಮುಖ ಊದಿಕೊಂಡಿತು, ನಡುಹಗಲಲ್ಲಿ ಮೂಟೆಗೊರಗಿ ನಿದ್ದೆಹೋಗುತ್ತಿದ್ದಳು. "ನನ್ನ ಮೈಯೊಳಗೆ ಯಾರೋ ಬಾಡಿಗೆಗೆ ಬಂದ ಹಾಗಿದೆ ಕಣೇ," ಎಂದಳು ಒಮ್ಮೆ. ತಿಂಗಳುಗಳು ಕಳೆದು ರಕ್ತದಲ್ಲಿ ಅವರು ಕೇಳಿದಷ್ಟು ಇಳಿಯಿತು. ಮುಂದಿನ ಕ್ರೀಡಾಕೂಟ ಹತ್ತಿರವಾಗುತ್ತಿತ್ತು. ಈ ಸಲ ಕಾಲೇಜಿನಿಂದ ಒಬ್ಬರಿಗೇ ಜಾಗ, ಅವಳು ಓಡಿದರೆ ಅವಳು, ಇಲ್ಲದಿದ್ದರೆ ನಾನು ಎಂದು ಮೇಷ್ಟ್ರು ಹೇಳಿದ್ದರು.

ಒಂದು ಸಂಜೆ ಊರ ಕಣ್ಣು ತಪ್ಪಿಸಿ ನಾವು ಕೆರೆಯಂಗಳಕ್ಕೆ ಹೋದೆವು. ನೀರಿಳಿದ ಭಾಗದ ನೆಲ ಗಟ್ಟಿಯಾಗಿ, ಓಡಲು ಹದವಾಗಿತ್ತು. ಅವಳು ದಬ್ಬೆ ಬಿಚ್ಚಿ ಕಲ್ಲಿನ ಮೇಲಿಟ್ಟಳು. ಗುರುತಿಗೆ ನೆಟ್ಟ ಕೋಲಿಗೆ ಎರಡು ಸುತ್ತು. ಮೊದಲ ಸುತ್ತಿನಲ್ಲಿ ಅದೇ ಜಡೆ, ಅದೇ ಹೆಗಲು ಕಣ್ಣ ಮುಂದೆ. ಕೊನೆಯ ತಿರುವು ಬಂತು. ಅವಳಿಗೆ ಬಾಗಿಲು ತೆರೆಯುವುದನ್ನು ಕಾಯುತ್ತ ನಾನು ಹಲ್ಲು ಕಚ್ಚಿ ಓಡಿದೆ. ತೆರೆಯಲಿಲ್ಲ. ಬೆನ್ನು ಹತ್ತಿರವಾಯಿತು, ಪಕ್ಕಕ್ಕೆ ಬಂತು, ಆಮೇಲೆ ಇರಲೇ ಇಲ್ಲ. ನನ್ನ ಮುಂದೆ ಬರೀ ಬಯಲು. ಹಿಂದಿನಿಂದ ಅವಳ ಉಸಿರು ಹರಿದ ಬಟ್ಟೆಯ ಸದ್ದಿನಂತೆ ಕೇಳಿಸುತ್ತಿತ್ತು.

ನನಗೆ ಸಂತೋಷವಾಯಿತು. ಆ ಹೊತ್ತಿನಲ್ಲಿ ಆದದ್ದು ಸಂತೋಷವೇ. ನಾನು ಅಂದು ಬರೆದ ದಿನಚರಿಯಲ್ಲಿ 'ಗೆದ್ದೆ' ಎಂದು ಒಂದೇ ಪದವಿದೆ. ಎಷ್ಟು ಸಲ ತೆರೆದು ನೋಡಿದರೂ ಅದರ ಮುಂದೆ ಇನ್ನೊಂದು ಪದ ಸೇರಿಸಲು ನನಗೆ ಕೈ ಬಂದಿಲ್ಲ.

ಅವಳು ಮಂಡಿಯ ಮೇಲೆ ಕೈಯೂರಿ ನಿಂತು ಉಸಿರು ಹಿಡಿದುಕೊಂಡಳು. ಆಮೇಲೆ ತಲೆಯೆತ್ತಿದಳು. ಕುಹಕವೇನೂ ಇರಲಿಲ್ಲ, ತಿಳಿದುಕೊಳ್ಳಬೇಕೆಂದೇ ಕೇಳಿದಳು.

"ಈಗ ಸಮಾನ ಆಯ್ತಾ?"

ಆಯಿತು ಎನ್ನಲು ಬಾಯಿ ಬರಲಿಲ್ಲ. ನಾನು ಸೋಲಿಸಿದ್ದು ಅವಳನ್ನಲ್ಲ, ಎಲ್ಲೋ ದೂರದಲ್ಲಿ ಕೂತವರು ಅವಳ ಮೇಲೆ ಹೊರಿಸಿದ ಒಂದು ಭಾರವನ್ನು. ಆಗಲಿಲ್ಲ ಎನ್ನಲೂ ಬಾಯಿ ಬರಲಿಲ್ಲ. ಮಿಕ್ಕ ಹುಡುಗಿಯರ ಎದೆಯೊಳಗೂ ಬೀಳುವ ಕೆಂಡ ನನಗೆ ಗೊತ್ತಿತ್ತು. ಅವಳು ಕಲ್ಲಿನ ಮೇಲೆ ಕೂತು ತಾನೇ ದಬ್ಬೆ ಕಟ್ಟಿಕೊಂಡಳು. ನಾನು ಸಹಾಯಕ್ಕೆ ಬಗ್ಗಿದರೆ, "ಬೇಡ, ಅಭ್ಯಾಸ ಆಗಿದೆ," ಎಂದಳು.

ಅವಳು ಮಾತ್ರೆ ನಿಲ್ಲಿಸಿದ್ದನ್ನು ನನಗೆ ಹೇಳಿದ್ದು ಎಷ್ಟೋ ದಿನಗಳಾದ ಮೇಲೆ. "ಅದನ್ನ ತಿಂದು ಓಡಿದ್ರೆ ಓಡೋಳು ನಾನಲ್ಲ. ತಿನ್ನದೆ ಓಡೋಣ ಅಂದ್ರೆ ಬಿಡಲ್ಲ, ನನಗೂ ನಿನ್ನ ಮಾತು ನೆನಪಾಗುತ್ತೆ. ಸಾಕು ಬಿಡು. ಹೋಗು, ನೀನು ಓಡಿ ಬಾ." ಅವಳ ಜಾಗದಲ್ಲಿ ನಾನು ಹೋದೆ. ಕೊನೆಯ ತಿರುವಿನಲ್ಲಿ ಕಣ್ಣ ಮುಂದೆ ಯಾರದೋ ಬೆನ್ನುಗಳಿದ್ದವು. ಒಂದನ್ನೂ ನಾನು ಬಲ್ಲವಳಾಗಿರಲಿಲ್ಲ. ಏನೂ ಗೆಲ್ಲದೆ ಬಂದೆ, ಆಮೇಲೆ ಓಟ ಬಿಟ್ಟೆ.

ಅವಳ ಕಾಲು 'ವಾಸಿ'ಯಾಗುವುದೊಂದು ಬಾಕಿ ಇತ್ತು. ದಬ್ಬೆ ತೆಗೆದಾಯಿತು, ಕುಂಟು ದಿನದಿನಕ್ಕೆ ಸಣ್ಣದಾಯಿತು, ಕೊನೆಗೊಂದು ಬೆಳಿಗ್ಗೆ ಅವಳು ನೆಟ್ಟಗೆ ಪೇಟೆಬೀದಿಯಲ್ಲಿ ನಡೆದಳು. ನಾನು ಜೊತೆಗಿದ್ದೆ. ಮೊದಲು ಕಂಡವನು ದರ್ಜಿ. ಹೊಲಿಗೆಯಂತ್ರ ಬಿಟ್ಟು ಓಡಿಬಂದ. ಬುಡೇನ್ ಸಾಬರನ್ನು ಯಾರೋ ಚಹಾದಂಗಡಿಯಿಂದ ಎಬ್ಬಿಸಿ ತಂದರು.

"ನೋಡ್ರಪ್ಪಾ, ನರ ಪಕ್ಕಕ್ಕೆ ಸರಿದಿದೆ ಅಂದಾಗ ನಕ್ಕರಲ್ಲ!" ಎಂದರು ಅವರು. ನಾವಿಬ್ಬರ ಹೊರತು ಯಾರೂ ನಕ್ಕಿರಲಿಲ್ಲ. ಅವರ ಕಣ್ಣು ತುಂಬಿತ್ತು. "ನಡೆಯೋದೇನು ದೊಡ್ಡದು? ಓಡಿ ತೋರಿಸು ಮಗಳೇ. ನನ್ನ ಕೈಗುಣ ಊರು ನೋಡಲಿ."

"ಹೂಂ, ಓಡು ದೇವೀರವ್ವ! ದಾರಿ ಬಿಡ್ರೋ, ದಾರಿ!" ಎಂದು ಸುತ್ತಲಿದ್ದವರು ಕೂಗಿದರು.

ತಳ್ಳುಗಾಡಿಗಳು ಪಕ್ಕಕ್ಕೆ ಸರಿದವು. ಸೊಪ್ಪಿನವಳು ಬುಟ್ಟಿ ಎಳೆದುಕೊಂಡಳು. ಬೀದಿಯ ತುದಿಯ ತನಕ ಒಂದು ಖಾಲಿ ದಾರಿ ಬಿದ್ದುಕೊಂಡಿತು. ದೇವೀರಿ ಒಮ್ಮೆ ನನ್ನನ್ನು ನೋಡಿದಳು. ನಿಜ ಹೇಳಿಬಿಡುತ್ತಾಳೆ ಎಂದು ನನಗನ್ನಿಸಿತು. ಅವಳು ಸಾಬರ ಮುಖ ನೋಡಿದಳು, ಚಪ್ಪಲಿ ಕಳಚಿ ನನ್ನ ಕೈಗಿತ್ತಳು, ಸೊಂಟಕ್ಕೆ ದುಪಟ್ಟಾ ಬಿಗಿದಳು.

ಪಕ್ಕದಲ್ಲಿ ಯಾರೂ ಇರಲಿಲ್ಲ. ಯಾರಿಗೂ ಅನ್ಯಾಯವಾಗದ ಆ ಬೀದಿಯಲ್ಲಿ ಅವಳು ಬರಿಗಾಲಲ್ಲಿ ಓಡಿದಳು. ಮಾತ್ರೆ ಬಿಟ್ಟ ಮೇಲೆ ಅವಳ ಮೈ ಅವಳಿಗೆ ಮರಳಿ ಬಂದಿತ್ತು. ಜನ ಚಪ್ಪಾಳೆ ತಟ್ಟಿದರು, ಸಿಳ್ಳೆ ಹಾಕಿದರು, ಸಾಬರನ್ನು ಎತ್ತಿ ಕುಣಿಸಿದರು. ಬೀದಿಯ ತುದಿಯಲ್ಲಿ ಅವಳು ನಿಲ್ಲಲಿಲ್ಲ, ತಿರುಗಲೂ ಇಲ್ಲ. ಆಚೆಯ ರಸ್ತೆಗೆ ಹೊರಳಿ ಕಾಣದಾದಳು.

"ಈಗ ಬರ್ತಾಳೆ," ಎಂದ ದರ್ಜಿ.

ನಾವೆಲ್ಲ ಆ ಖಾಲಿ ದಾರಿಯನ್ನು ನೋಡುತ್ತ ನಿಂತೆವು. ಕಾದು ಕಾದು ತಳ್ಳುಗಾಡಿಗಳು ಒಂದೊಂದಾಗಿ ತಮ್ಮ ಜಾಗಕ್ಕೆ ಬಂದವು. ನನ್ನ ಕೈಯಲ್ಲಿ ಅವಳ ಚಪ್ಪಲಿಗಳು ಇನ್ನೂ ಇದ್ದವು. ಬಲಗಾಲಿನದು ಹಿಮ್ಮಡಿಯ ತನಕ ಸಮನಾಗಿ ಸವೆದಿತ್ತು. ಎಡಗಾಲಿನದು ಬೆರಳುಗಳ ಕಡೆ ಮಾತ್ರ ತೆಳ್ಳಗಾಗಿ, ಹಿಮ್ಮಡಿಯ ಕೆಳಗೆ ಅಂಗಡಿಯಿಂದ ತಂದ ದಿನದ ಗೆರೆಗಳು ಹಾಗೆಯೇ ಉಳಿದಿದ್ದವು.