ಎಲ್ಮರ್‌ನ ಟ್ರಾನ್ಸ್‌ಫಾರ್ಮರ್ ಮತ್ತು ಮಾತಾಡುವ ಎಂಜಿನ್

ಬಾಲ್ಟಿಮೋರಿನ ಆ ಅಗ್ನಿಶಾಮಕ ಠಾಣೆಯಲ್ಲಿ ಕ್ರಿಸ್‌ಮಸ್ ಹತ್ತಿರ ಬಂತೆಂದರೆ ಒಂದು ಗಾಡಿಯನ್ನು ಹೊರಗೆ ನಿಲ್ಲಿಸಿ, ಅದರ ಜಾಗದಲ್ಲಿ ಆಟದ ರೈಲಿನ ಊರು ಕಟ್ಟುತ್ತಿದ್ದರು. ಹತ್ತಿಯ ಹಿಮ, ಕನ್ನಡಿಯ ಕೆರೆ, ರಟ್ಟಿನ ಚರ್ಚು. ಇಪ್ಪತ್ತೆರಡು ವರ್ಷದಿಂದ ಅದರ ಯಜಮಾನಿಕೆ ನಿವೃತ್ತ ಅಗ್ನಿಶಾಮಕ ಎಲ್ಮರ್ ಶಾಂಜ್‌ನದು. ಹಳಿಗೆ ಕರೆಂಟು ಕೊಡುತ್ತಿದ್ದುದು ಅವನ ಅಪ್ಪ ೧೯೫೨ರಲ್ಲಿ ಕೊಂಡ ಟ್ರಾನ್ಸ್‌ಫಾರ್ಮರ್. ಕಪ್ಪು ಪೆಟ್ಟಿಗೆ, ಎರಡು ಹಿಡಿಕೆ, ಗುಂಯ್ ಎನ್ನುವ ಸದ್ದು. ಮನೆಯಿಂದ ಠಾಣೆಗೆ ತರುವಾಗ ಎಲ್ಮರ್ ಅದನ್ನು ಕಾರಿನ ಮುಂದಿನ ಸೀಟಿನಲ್ಲಿ ಕೂರಿಸಿ ಬೆಲ್ಟ್ ಹಾಕುತ್ತಿದ್ದ. ಹೆಂಡತಿ ಇದ್ದಾಗ ಆ ಒಂದು ದಿನ ಅವಳಿಗೆ ಹಿಂದಿನ ಸೀಟು.

ಈ ಸಲ ಠಾಣೆಯವರು ಬೀಫ್ ಊಟ ಏರ್ಪಡಿಸಿ ಕೂಡಿಸಿದ ದುಡ್ಡಿನಲ್ಲಿ ಹೊಸ ಎಂಜಿನ್ ತಂದರು. ಅದು ಹೊಗೆ ಬಿಡುತ್ತಿತ್ತು, ಗಂಟೆ ಬಾರಿಸುತ್ತಿತ್ತು, ಚಾಲಕನ ದನಿಯಲ್ಲಿ "ದಾರಿ ಖಾಲಿ ಇದೆ, ಹೊರಡೋಣ" ಎಂದು ಮಾತೂ ಆಡುತ್ತಿತ್ತು.

ಮೊದಲ ದಿನವೇ ತಿರುವಿನಲ್ಲಿ ಹಿಂದಿನ ಡಬ್ಬಿ ಹಳಿ ತಪ್ಪಿತು. ನೀಲಿ ಕಿಡಿ ಹಾರಿತು. ಎಲ್ಮರ್ ಸಾವಧಾನವಾಗಿ ಕರೆಂಟು ತೆಗೆದು, ಡಬ್ಬಿ ಸರಿಮಾಡಿ, ಹಿಡಿಕೆಯನ್ನು ಮೆಲ್ಲಗೆ ತಿರುಗಿಸಿದ. ಎಂಜಿನ್ ಮಾತಾಡಲಿಲ್ಲ. ಗಂಟೆ ಬಾರಿಸಲಿಲ್ಲ. ಹುಚ್ಚು ಹಿಡಿದಂತೆ ಓಡಿ, ಕೆರೆ ದಾಟಿ, ಚರ್ಚಿನ ಗೋಡೆ ಸೀಳಿಕೊಂಡು ಒಳಗೆ ನುಗ್ಗಿತು. ನೋಡಲು ಬಂದಿದ್ದ ಮಕ್ಕಳು ಇನ್ನೊಂದು ಸಲ ಮಾಡಿ ಎಂದು ಚಪ್ಪಾಳೆ ತಟ್ಟಿದರು.

"ಚರ್ಚಿಗೆ ಇಷ್ಟು ಅವಸರದಲ್ಲಿ ಹೋದೋರನ್ನ ನಾನು ನೋಡಿಲ್ಲ," ಎಂದ ಕ್ಯಾಪ್ಟನ್ ಪುಲಿಯಮ್.

ಅಂಗಡಿಯವನು ಎಂಜಿನ್ ಬಿಚ್ಚಿ, ಒಳಗಿನ ಸರ್ಕ್ಯೂಟ್ ಬೋರ್ಡ್ ಸುಟ್ಟಿದೆ ಎಂದ. ಒಂದು ಸಲ ಪುಕ್ಕಟೆ ಬದಲಾಯಿಸಿಕೊಟ್ಟ. ಮತ್ತೆ ಸುಟ್ಟರೆ ತನ್ನನ್ನು ಕೇಳಬಾರದು ಎಂದೂ ಹೇಳಿ ಕಳಿಸಿದ.

"ಎಂಜಿನ್ನೇ ಬಡಕಲು," ಎಂದ ಎಲ್ಮರ್. "ನನ್ನ ಟ್ರಾನ್ಸ್‌ಫಾರ್ಮರ್ ಎಪ್ಪತ್ತು ವರ್ಷದಲ್ಲಿ ಒಂದು ಎಂಜಿನ್ನೂ ಕೊಂದಿಲ್ಲ."

ರೋಸಲಿ ನೋವಾಕ್ ಅಲ್ಲೇ ರಟ್ಟಿನ ಮನೆಗಳಿಗೆ ಬಣ್ಣ ಹಚ್ಚುತ್ತಿದ್ದಳು. ಎಲ್ಮರ್‌ನ ತೀರಿಹೋದ ಹೆಂಡತಿಯ ತಂಗಿ. ಮೂವತ್ತು ವರ್ಷ ಟೆಲಿಫೋನ್ ಕಂಬ ಹತ್ತಿ ತಂತಿ ರಿಪೇರಿ ಮಾಡಿದವಳು.

"ಆಗಿನ ಎಂಜಿನ್ ಒಳಗೆ ಬರೀ ತಾಮ್ರ, ಕಬ್ಬಿಣ. ಗುದ್ದಿದ್ರೂ ಗೊತ್ತಾಗ್ತಿರ್ಲಿಲ್ಲ, ನಿನ್ನ ಹಾಗೆ," ಎಂದಳು. "ಇದರೊಳಗೆ ಇರೋದು ಕಂಪ್ಯೂಟರ್. ಹಳಿ ತಪ್ಪಿ ಕಿಡಿ ಹಾರಿದಾಗ ವೋಲ್ಟೇಜ್ ಒಂದೇ ಸಲ ಎಗರುತ್ತೆ. ಸತ್ತೇಹೋಗುತ್ತೆ ಪಾಪ."

"ಪೆಟ್ಟಿಗೆಯೊಳಗೆ ಕರೆಂಟು ಕಡಿಯೋ ಬ್ರೇಕರ್ ಇದೆ."

"ಇದೆ. ಅದು ಏಳೋ ಹೊತ್ತಿಗೆ ಹೆಣ ಎತ್ತಿರ್ತಾರೆ. ಭಾನುವಾರ ನೀನು ಏಳ್ತೀಯಲ್ಲ, ಹಾಗೆ ಏಳುತ್ತೆ ಅದು."

ಎಲ್ಮರ್ ಎರಡೂ ಕೈಯನ್ನು ಪೆಟ್ಟಿಗೆಯ ಮೇಲಿಟ್ಟ. "ಇದನ್ನ ಬಿಸಾಕಿ ಹೊಸದು ತರೋದಾದ್ರೆ ನಾನು ಮನೆಗೆ ಹೋಗ್ತೀನಿ."

"ಬಿಸಾಕು ಅಂತ ಯಾರು ಹೇಳಿದ್ರು? ಅದನ್ನ ಬಿಚ್ಚೋದೂ ಇಲ್ಲ. ಅದರಿಂದ ಹಳಿಗೆ ಹೋಗೋ ತಂತೀಲಿ ಥಟ್ ಅಂತ ಹಾರೋ ಫ್ಯೂಸ್ ಒಂದು. ಹಳಿಗೆ ಹೋಗೋ ಎರಡು ತಂತಿಗಳ ನಡುವೆ ಇದೊಂದು." ಅವಳು ಜೇಬಿನಿಂದ ಅಲಸಂದೆ ಕಾಳಿನಷ್ಟು ದಪ್ಪದ ಡಯೋಡ್ ತೆಗೆದಳು. "ವೋಲ್ಟೇಜ್ ಮಿತಿ ಮೀರಿದ್ರೆ ಇದು ತಾನೇ ನುಂಗುತ್ತೆ. ಸಿಡಿಲಿಗೆ ಅಂತ ನಾವು ಫೋನ್ ಲೈನಿಗೆ ಹಾಕ್ತಿದ್ದದ್ದೂ ಇಂಥದ್ದೇ."

ಎಲ್ಮರ್ ಅದನ್ನು ಅಂಗೈಲಿಟ್ಟು ನೋಡಿದ. "ಇಷ್ಟೇನಾ?"

"ಇಷ್ಟೇ."

ಅವನಿಗೆ ಸಮಾಧಾನವೂ ಆಯಿತು, ಅವಮಾನವೂ ಆಯಿತು. ಸಮಾಧಾನವನ್ನು ಮುಚ್ಚಿಟ್ಟುಕೊಂಡು ಎರಡು ದಿನ ಮುಖ ಊದಿಸಿಕೊಂಡು ಓಡಾಡಿದ. ರೋಸಲಿ ಬೆಸುಗೆ ಹಾಕುವಾಗ ಟಾರ್ಚ್ ಹಿಡಿದವನು ಮಾತ್ರ ಅವನೇ.

ಪರೀಕ್ಷೆ ಮಾಡದೆ ಎಂಜಿನ್ ಓಡಿಸಬಾರದೆಂದು ಕ್ಯಾಪ್ಟನ್ ಪಟ್ಟು ಹಿಡಿದ. "ನಿನ್ನ ಕೈಯಾರೆ ಶಾರ್ಟ್ ಮಾಡು," ಎಂದು ರೋಸಲಿ ಎಲ್ಮರ್‌ನ ಕೈಗೆ ಸ್ಕ್ರೂಡ್ರೈವರ್ ಕೊಟ್ಟಳು. ಠಾಣೆಯವರೆಲ್ಲ ಸುತ್ತ ನಿಂತರು. ಒಬ್ಬನಂತೂ ಹೆಲ್ಮೆಟ್, ಮಾಸ್ಕ್ ಎಲ್ಲ ಹಾಕಿಕೊಂಡು ಬೆಂಕಿ ನಂದಿಸುವ ಸಿಲಿಂಡರ್ ಹಿಡಿದು ಬಂದಿದ್ದ.

ಎಂಜಿನ್ ಓಡುತ್ತಿತ್ತು. ಎಲ್ಮರ್ ಉಸಿರು ಬಿಗಿಹಿಡಿದು ಸ್ಕ್ರೂಡ್ರೈವರನ್ನು ಹಳಿಗಳ ಮೇಲೆ ಅಡ್ಡ ಇಟ್ಟ. ಚಟ್. ಎಲ್ಲ ನಿಂತಿತು. ಸಿಲಿಂಡರ್‌ನವನು ಗಾಬರಿಯಲ್ಲಿ ಒತ್ತಿಬಿಟ್ಟ. ಊರಿನ ಮೇಲೂ ಎಲ್ಮರ್‌ನ ಮೀಸೆಯ ಮೇಲೂ ಬಿಳಿ ಪುಡಿ ಕೂತಿತು.

"ಹಿಮ ಸಾಲ್ದು ಅಂತಿದ್ಯಲ್ಲ," ಎಂದಳು ರೋಸಲಿ. ಹಳಿಯ ಪುಡಿಯನ್ನು ಗುಡಿಸಿ ಒರೆಸಿ, ಬೇರೆ ಫ್ಯೂಸ್ ಹಾಕಿದಳು.

ಎಲ್ಮರ್ ಹಿಡಿಕೆ ತಿರುಗಿಸಿದ. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಎಂಜಿನ್ ಗಂಟಲು ಸರಿಮಾಡಿಕೊಂಡಂತೆ ಸದ್ದು ಮಾಡಿ, "ದಾರಿ ಖಾಲಿ ಇದೆ, ಹೊರಡೋಣ" ಎಂದಿತು.

ಮುಂದಿನ ಭಾನುವಾರ ರೈಲು ಏಳು ಸಲ ಹಳಿ ತಪ್ಪಿತು. ಏಳು ಫ್ಯೂಸ್ ಹೋದವು, ಎಂಜಿನ್ ಉಳಿಯಿತು. ಮಧ್ಯಾಹ್ನ ಎಲ್ಮರ್ ಬಂದ ಜನರಿಗೆಲ್ಲ ಡಯೋಡ್ ತೋರಿಸಿ, "ಹಳೇ ಟ್ರಾನ್ಸ್‌ಫಾರ್ಮರ್‌ಗೆ ಹೊಸ ಎಂಜಿನ್ ಹಾಕೋವಾಗ ಹುಷಾರಾಗಿರ್ಬೇಕು. ಅದಕ್ಕೇ ನಾವು ಇದನ್ನ ಹಾಕಿದ್ವಿ," ಎಂದು ವಿವರಿಸುತ್ತಿದ್ದ.

"ನಾವಾ?" ಎಂದಳು ರೋಸಲಿ.

"ನೀನು ಬೆಸುಗೆ ಹಾಕ್ದೆ, ನಾನು ಒಪ್ಕೊಂಡೆ. ಎರಡರಲ್ಲಿ ಕಷ್ಟದ ಕೆಲಸ ಯಾವ್ದು, ನೀನೇ ಹೇಳು."

ರೋಸಲಿ ಯೋಚಿಸಿ ನೋಡಿ, ಅದೂ ನಿಜ ಎಂದಳು.